ಸೋರಿಯಾಸಿಸ್ ತೋರಿಸಲು ಹೋದರೆ ಚರ್ಮದ ಡಾಕ್ಟರು ಸೊಂಟದ ಅಳತೆ ಯಾಕೆ ತೆಗೆದುಕೊಂಡರು?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನನಗೆ ಸೋರಿಯಾಸಿಸ್ ಬಂದು ಬಹಳ ವರ್ಷಗಳಾದವು. ಮೊಣಕೈ, ಮೊಣಕಾಲು, ನೆತ್ತಿ. ಮುಲಾಮು ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಇದರ ಜೊತೆ ಬದುಕುವುದು ರೂಢಿಯಾಗಿದೆ.

ಈಚೆಗೆ ಹೊಸ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಚರ್ಮ ನೋಡಿದ್ದಕ್ಕಿಂತ ಬೇರೆ ನೋಡಿದ್ದೇ ಜಾಸ್ತಿ. ಬಿಪಿ ನೋಡಿದರು. ಸೊಂಟಕ್ಕೆ ಟೇಪ್ ಸುತ್ತಿದರು. ಉಗುರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಹಿಮ್ಮಡಿಯ ಹಿಂದೆ ಒತ್ತಿ "ನೋವಾಗುತ್ತಾ?" ಅಂದರು. ಆಮೇಲೆ ಸಕ್ಕರೆ, ಕೊಲೆಸ್ಟರಾಲ್, ಲಿವರ್ ಪರೀಕ್ಷೆ ಬರೆದುಕೊಟ್ಟರು. ಚರ್ಮದ ಕಾಯಿಲೆಗೆ ಇಷ್ಟೆಲ್ಲ ಬೇಕಾ?

ಇನ್ನೊಂದು ವಿಷಯ. ಕೆಲವು ತಿಂಗಳಿಂದ ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುಗಿಸುವುದೂ ಕಷ್ಟ. ಸ್ವಲ್ಪ ಹೊತ್ತು ಕೆಲಸ ಮಾಡಿದ ಮೇಲೆ ಸಡಿಲವಾಗುತ್ತದೆ. ಮೊದಲು ಬೇರೆ ಕಡೆ ತೋರಿಸಿದಾಗ ಸಂಧಿವಾತದ ರಕ್ತಪರೀಕ್ಷೆಯಾದ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು. "ಸಂಧಿವಾತ ಇಲ್ಲ, ವಯಸ್ಸಾಯ್ತಲ್ವಾ" ಎಂದು ಕಳಿಸಿದ್ದರು. ಇವೆರಡಕ್ಕೂ ಸಂಬಂಧ ಇದೆಯಾ?

ಹಳೇಸೈಕಲ್:
ಸುಮ್ನೆ ಟೆಸ್ಟ್ ಬರೆಯುತ್ತಾರೆ ಅಕ್ಕಾ. ನನಗೂ ಇದೆ, ಮೊಣಕೈ ಮೇಲೆ ಎರಡು ಪಟ್ಟೆ. ಮುಲಾಮು ಹಚ್ಚುತ್ತೇನೆ, ಮುಗೀತು. ಚರ್ಮದ ಕಾಯಿಲೆ ಚರ್ಮದಲ್ಲೇ ಇರುತ್ತದೆ. ಎಲ್ಲವನ್ನೂ ಹೃದಯಕ್ಕೆ, ಲಿವರ್‌ಗೆ ಗಂಟು ಹಾಕಿ ಹೆದರಿಸುವುದು ಈಗಿನ ಫ್ಯಾಷನ್.

ನೀಲಿಕೊಡೆ:
ಸೈಕಲ್ ಅವರೇ, ನಿಮ್ಮದು ಎರಡು ಪಟ್ಟೆಯಲ್ಲೇ ನಿಂತಿದ್ದರೆ ಸಂತೋಷ. ಎಲ್ಲರಿಗೂ ಹಾಗೆ ನಿಲ್ಲುವುದಿಲ್ಲ.

ನನಗೆ ಮೊದಲು ಬಂದದ್ದು ಹಿಮ್ಮಡಿ ನೋವು. ಬೆಳಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಮೊಳೆ ಮೇಲೆ ಇಟ್ಟ ಹಾಗೆ. ಚಪ್ಪಲಿ ಬದಲಿಸಿ ಅಂದರು, ಬದಲಿಸಿದೆ. ತೂಕ ಇಳಿಸಿ ಅಂದರು. ಆಮೇಲೆ ಬಲಗಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡಿತು. ಗೆಣ್ಣು ಮಾತ್ರ ಅಲ್ಲ, ಇಡೀ ಬೆರಳು, ಶೂ ಒಳಗೆ ಹೋಗದಷ್ಟು. ಎಲ್ಲೂ ಪೆಟ್ಟು ಬಿದ್ದಿರಲಿಲ್ಲ. ಯೂರಿಕ್ ಆಸಿಡ್ ನೋಡಿದರು, ಸರಿ ಇತ್ತು. ಉರಿಯೂತ ತೋರಿಸುವ ಇಎಸ್‌ಆರ್ ಪರೀಕ್ಷೆಯೂ ಸರಿ ಇತ್ತು. ಆರ್‌ಎ ಫ್ಯಾಕ್ಟರ್ ನೆಗೆಟಿವ್. ರಿಪೋರ್ಟ್ ಎಲ್ಲ ಚೆನ್ನಾಗಿತ್ತು, ನಡೆಯಲು ಮಾತ್ರ ಆಗುತ್ತಿರಲಿಲ್ಲ.

ಕೀಲು ತಜ್ಞರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ "ಮೈಮೇಲೆ ಎಲ್ಲಾದರೂ ಹೊಟ್ಟು ಏಳುತ್ತಾ?" ಎಂದು. ನೆತ್ತಿಯಲ್ಲಿ ಇತ್ತು. ಅದನ್ನು ತಲೆಹೊಟ್ಟು ಅಂದುಕೊಂಡು ಶಾಂಪೂ ಬದಲಿಸುತ್ತಲೇ ಇದ್ದೆ. ಅವರು ಹೆಸರಿಟ್ಟರು: ಸೋರಿಯಾಟಿಕ್ ಆರ್ಥ್ರೈಟಿಸ್. ಇದರಲ್ಲಿ ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದಂತೆ. ಅಂದರೆ ಆ ಪರೀಕ್ಷೆ ನೆಗೆಟಿವ್ ಬಂತು ಎಂದು ನಿಮ್ಮನ್ನು ವಾಪಸ್ ಕಳಿಸಿದ್ದು ಸರಿಯಲ್ಲ, ಮಲ್ಲಿಗೆ ಅವರೇ. ಮೊದಲು ಇದನ್ನು ಕೀಲು ತಜ್ಞರಿಗೆ ತೋರಿಸಿ.

ಚರ್ಮವೈದ್ಯೆ:
ನಾನು ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಯಾರಿಗೂ ಔಷಧ ಹೇಳುವುದಿಲ್ಲ. ಆದರೆ ಆ ಟೇಪ್ ಯಾಕೆ ಬಂತು ಎಂದು ಹೇಳಬಹುದು.

ಚರ್ಮದ ಮೇಲ್ಪದರದ ಕೋಶ ಕೆಳಗೆ ಹುಟ್ಟಿ, ಮೇಲೆ ಬಂದು, ಉದುರಲು ಸಾಮಾನ್ಯವಾಗಿ ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ 3ರಿಂದ 5 ದಿನದಲ್ಲಿ ಮುಗಿಯುತ್ತದೆ. ಪೂರ್ತಿ ಬಲಿಯದ ಕೋಶಗಳು ಒಂದರ ಮೇಲೊಂದು ಕೂರುತ್ತವೆ. ಬೆಳ್ಳಗೆ ಕಾಣುವ ಹೊಟ್ಟು ಅದೇ. ಕಂದು ಮೈಬಣ್ಣದವರಲ್ಲಿ ಪಟ್ಟೆ ಕೆಂಪಗೆ ಕಾಣದೆ ನೇರಳೆ ಅಥವಾ ಕಡುಕಂದು ಆಗಿರಬಹುದು. ಹಾಗಾಗಿ ಹುಳುಕಡ್ಡಿ ಎಂದು ತಪ್ಪು ತಿಳಿಯುವುದೂ ಉಂಟು.

ಈ ಅವಸರಕ್ಕೆ ಕಾರಣ ನಮ್ಮದೇ ರಕ್ಷಣಾ ಕೋಶಗಳು. ಐಎಲ್-23 ಎಂಬ ಸಂದೇಶ ಸಿಕ್ಕಾಗ ಟಿ ಕೋಶಗಳ ಒಂದು ಗುಂಪು ಐಎಲ್-17 ಹೊರಬಿಡುತ್ತದೆ. ಜೊತೆಗೆ ಟಿಎನ್‌ಎಫ್ ಎಂಬ ಇನ್ನೊಂದು ಉರಿಯೂತದ ಸಂದೇಶ ಸೇರುತ್ತದೆ. ಚರ್ಮದ ಕೋಶಗಳು ಇದಕ್ಕೆ ಉತ್ತರವಾಗಿ ಇನ್ನಷ್ಟು ಸಂದೇಶ ಕಳಿಸಿ ಇನ್ನಷ್ಟು ರಕ್ಷಣಾ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಹೀಗೆ ಉರಿಯೂತ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಐಎಲ್-17, ಟಿಎನ್‌ಎಫ್ ಚರ್ಮಕ್ಕೆ ಮೀಸಲಾದ ವಸ್ತುಗಳಲ್ಲ. ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ, ರಕ್ತನಾಳದ ಒಳಪದರ, ಕರುಳು, ಕಣ್ಣು, ಎಲ್ಲ ಕಡೆಯೂ ಅವು ಕೆಲಸ ಮಾಡುತ್ತವೆ. ಹೊಟ್ಟೆಯ ಸುತ್ತ ಇರುವ ಕೊಬ್ಬು ಕೂಡ ಸುಮ್ಮನೆ ಕೂತಿರುವುದಿಲ್ಲ, ಅದೂ ಟಿಎನ್‌ಎಫ್ ತಯಾರಿಸುತ್ತದೆ. ಸೊಂಟಕ್ಕೆ ಟೇಪ್ ಬಂದದ್ದು ಅದಕ್ಕೇ. ಸೋರಿಯಾಸಿಸ್ ಇರುವವರಲ್ಲಿ ಬೊಜ್ಜು, ಮಧುಮೇಹ, ರಕ್ತದೊತ್ತಡ, ಲಿವರ್‌ನಲ್ಲಿ ಕೊಬ್ಬು ತುಂಬುವುದು ಬೇರೆಯವರಿಗಿಂತ ಹೆಚ್ಚು. ಹೊಟ್ಟೆಯ ಕೊಬ್ಬು, ಬಿಪಿ, ಸಕ್ಕರೆ, ರಕ್ತದ ಕೊಬ್ಬು ಒಟ್ಟಿಗೆ ಕೆಟ್ಟರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತೇವೆ.

ಉಗುರು ನೋಡಿದ್ದಕ್ಕೂ ಕಾರಣ ಇದೆ. ಉಗುರಿನ ಬುಡ ಮತ್ತು ಬೆರಳಿನ ಕೊನೆಯ ಗೆಣ್ಣು ಒಂದೇ ಸ್ನಾಯುರಜ್ಜಿನ ತುದಿಗೆ ಕಟ್ಟಿಕೊಂಡಿವೆ. ಅಲ್ಲಿ ಉರಿಯೂತ ಇದ್ದರೆ ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು ಬೀಳುತ್ತವೆ, ಉಗುರು ತುದಿಯಿಂದ ಎದ್ದುಕೊಳ್ಳುತ್ತದೆ. ಉಗುರು, ನೆತ್ತಿ, ಪೃಷ್ಠದ ಸೀಳು, ಈ ಮೂರು ಜಾಗದಲ್ಲಿ ಸೋರಿಯಾಸಿಸ್ ಇದ್ದವರ ಕೀಲುಗಳ ಮೇಲೆ ನಾವು ಜಾಸ್ತಿ ಕಣ್ಣಿಡುತ್ತೇವೆ.

ಸಂಜೆಮಲ್ಲಿಗೆ:
ಈಗ ಉಗುರು ನೋಡಿಕೊಂಡೆ. ಎಡಗೈ ಹೆಬ್ಬೆರಳು, ತೋರುಬೆರಳು ಎರಡರಲ್ಲೂ ಗುಳಿಗಳಿವೆ! ಹೊಲಿಗೆಯ ಬೆರಳುಟೋಪಿ ಮೇಲೆ ಇರುತ್ತಲ್ಲ, ಹಾಗೇ. ಇಷ್ಟು ವರ್ಷ ಇದನ್ನು ಕ್ಯಾಲ್ಸಿಯಂ ಕಡಿಮೆ ಅಂದುಕೊಂಡಿದ್ದೆ. ಸೋರಿಯಾಸಿಸ್ ಇದ್ದವರಿಗೆಲ್ಲ ಕೀಲು ಹಿಡಿಯುತ್ತದಾ ಮೇಡಂ?

ಚರ್ಮವೈದ್ಯೆ:
ಇಲ್ಲ. ಹೆಚ್ಚೆಂದರೆ 10 ಜನರಲ್ಲಿ 3 ಜನರಿಗೆ. ಬಹಳ ಜನರಿಗೆ ಚರ್ಮದ ಕಾಯಿಲೆ ಶುರುವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಕೀಲು ನೋವು ಬರುತ್ತದೆ. ಕೆಲವರಿಗೆ ಕೀಲು ಮೊದಲು, ಚರ್ಮ ಆಮೇಲೆ.

ಪೆಸ್ಟ್ ಎಂಬ ಐದು ಪ್ರಶ್ನೆಗಳ ಸಣ್ಣ ಪಟ್ಟಿ ಇದೆ. ಯಾವುದಾದರೂ ಕೀಲು ಯಾವಾಗಲಾದರೂ ಊದಿತ್ತಾ? ಸಂಧಿವಾತ ಇದೆ ಎಂದು ಯಾವ ಡಾಕ್ಟರಾದರೂ ಹೇಳಿದ್ದರಾ? ಉಗುರಲ್ಲಿ ಗುಳಿ ಇವೆಯಾ? ಹಿಮ್ಮಡಿ ನೋವು ಬಂದಿತ್ತಾ? ಕಾರಣ ಇಲ್ಲದೆ ಕೈಯ ಅಥವಾ ಕಾಲಿನ ಇಡೀ ಬೆರಳು ಊದಿ ನೋವಾಗಿತ್ತಾ? ಮೂರಕ್ಕೆ ಹೌದು ಎಂದರೆ ಕೀಲು ತಜ್ಞರಿಗೆ ಕಳಿಸುತ್ತೇವೆ. ಮೂರು ಬರದಿದ್ದರೂ ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇದ್ದು, ಓಡಾಡಿದ ಮೇಲೆ ಕಡಿಮೆ ಆಗುತ್ತಿದ್ದರೆ ತೋರಿಸಿಬಿಡಿ. ಸವೆತದ ನೋವು ಸಾಮಾನ್ಯವಾಗಿ ಉಲ್ಟಾ. ಕೆಲಸ ಮಾಡಿದಷ್ಟೂ ಜಾಸ್ತಿಯಾಗುತ್ತದೆ, ಕೂತರೆ ಕಡಿಮೆಯಾಗುತ್ತದೆ.

ತಡ ಮಾಡಬೇಡಿ ಎಂದು ಹೇಳುವುದಕ್ಕೆ ಕಾರಣ ಇದೆ. ಚರ್ಮದ ಪಟ್ಟೆ ಇಳಿದರೆ ಬಣ್ಣದ ಕಲೆ ಉಳಿಯಬಹುದು, ಗಾಯದ ಗುರುತು ಉಳಿಯುವುದಿಲ್ಲ. ಕೀಲಿನ ಮೂಳೆ ಒಮ್ಮೆ ತಿಂದುಹೋದರೆ ವಾಪಸ್ ಬರುವುದಿಲ್ಲ. ಆರು ತಿಂಗಳು ತಡವಾದವರಲ್ಲೂ ಕೀಲಿನ ಹಾನಿ ಹೆಚ್ಚು ಕಂಡುಬಂದಿದೆ.

ಹಳೇಸೈಕಲ್:
ಕೀಲಿನ ಮಾತು ಒಪ್ಪಿದೆ. ಹೃದಯದ ಮಾತು ಇನ್ನೂ ಒಪ್ಪಿಲ್ಲ. ಬೊಜ್ಜು ಇದ್ದವರಿಗೆ, ಸಿಗರೇಟ್ ಸೇದುವವರಿಗೆ ಹೃದಯದ ತೊಂದರೆ ಬರುತ್ತದೆ, ಅದರಲ್ಲಿ ಹೊಸದೇನಿದೆ? ಸೋರಿಯಾಸಿಸ್ ಮೇಲೆ ಯಾಕೆ ಹಾಕುತ್ತೀರಿ?

ಲೆಕ್ಕಿಗ:
ಇದು ಸರಿಯಾದ ಪ್ರಶ್ನೆ. ಇದನ್ನೇ ಕೇಳಿಕೊಂಡು ಒಂದು ಅಧ್ಯಯನ ಮಾಡಿದ್ದಾರೆ. 2006ರಲ್ಲಿ ಬ್ರಿಟನ್ನಿನ ವೈದ್ಯರ ದಾಖಲೆಗಳಿಂದ ಸೋರಿಯಾಸಿಸ್ ಇರುವ ಸುಮಾರು 1.3 ಲಕ್ಷ ಜನರನ್ನು, ಇಲ್ಲದವರ ಜೊತೆ ಹೋಲಿಸಿದರು. ಸಿಗರೇಟ್, ಬೊಜ್ಜು, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಹೃದಯಾಘಾತದ ಅಪಾಯ ಹೆಚ್ಚೇ ಉಳಿಯಿತು. ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಲ್ಲಿ ಸುಮಾರು 3 ಪಟ್ಟು. ಅದೇ ವಯಸ್ಸಿನಲ್ಲಿ ಸೌಮ್ಯವಾಗಿ ಇರುವವರಲ್ಲಿ 1.29 ಪಟ್ಟು. ತೀವ್ರವಾಗಿರುವ 60 ವರ್ಷದವರಲ್ಲಿ 1.36 ಪಟ್ಟು.

ಮೂರು ಪಟ್ಟು ಎಂದು ಓದಿ ಎದೆ ಹಿಡಿದುಕೊಳ್ಳಬೇಡಿ. 30 ವರ್ಷದವರಿಗೆ ಹೃದಯಾಘಾತ ಆಗುವುದೇ ಅಪರೂಪ. ಅಪರೂಪದ ಮೂರು ಪಟ್ಟು ಎಂದರೂ ಅಪರೂಪವೇ. ಸುದ್ದಿಯವರು ಪಟ್ಟು ಮಾತ್ರ ಹೇಳುತ್ತಾರೆ, ಎಷ್ಟರ ಪಟ್ಟು ಎಂದು ಹೇಳುವುದಿಲ್ಲ. ಸೈಕಲ್ ಅವರ ಎರಡು ಪಟ್ಟೆಗೆ ಈ ಮೂರು ಪಟ್ಟು ಅನ್ವಯಿಸುವುದೂ ಇಲ್ಲ.

ಆದರೆ ಇದನ್ನು ತಳ್ಳಿಹಾಕಲೂ ಆಗುವುದಿಲ್ಲ. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೋರಿಯಾಸಿಸ್ ಹೆಸರಿದೆ. ಕೊಲೆಸ್ಟರಾಲ್ ಮಾತ್ರೆ ಕೊಡಬೇಕೋ ಬೇಡವೋ ಎಂಬ ಗಡಿಯಲ್ಲಿ ಇರುವವರಿಗೆ ಇದು ತಕ್ಕಡಿಯನ್ನು ಸ್ವಲ್ಪ ವಾಲಿಸುತ್ತದೆ.

ತಂಗಾಳಿ88:
ಎಲ್ಲದಕ್ಕೂ ಮೂಲ ಕರುಳು ಸ್ನೇಹಿತರೇ. ಕರುಳಲ್ಲಿ ವಿಷ ಸೇರಿ ರಕ್ತಕ್ಕೆ ಬಂದು ಚರ್ಮದಲ್ಲಿ ಹೊರಬರುತ್ತದೆ. ಡಿಟಾಕ್ಸ್ ಮಾಡಿದರೆ ಚರ್ಮ, ಕೀಲು, ಹೃದಯ ಎಲ್ಲ ಒಟ್ಟಿಗೆ ಸರಿಹೋಗುತ್ತದೆ. ನಮ್ಮ ಪರಿಚಯದವರು ಒಂದು ಪುಡಿ ಕೊಡುತ್ತಾರೆ. ಎರಡೇ ವಾರದಲ್ಲಿ ಪೂರ್ತಿ ಕ್ಲೀನ್. ಬೇಕಾದವರು ಸಂದೇಶ ಕಳಿಸಿ.

ಕಾವಲುಗಾರ (ನಿರ್ವಾಹಕ):
ತಂಗಾಳಿ ಅವರೇ, ಇಲ್ಲಿ ಮಾರಾಟ ಬೇಡ. ನಿಮ್ಮ ಮಾತಿಗೆ ಉತ್ತರ ಬರಲಿ ಎಂದು ಪೋಸ್ಟ್ ಅಳಿಸಿಲ್ಲ.

ಚರ್ಮವೈದ್ಯೆ:
ಎರಡು ವಾರದಲ್ಲಿ ಪೂರ್ತಿ ಕ್ಲೀನ್ ಆಗುವ ಹೆಸರಿಲ್ಲದ ಪುಡಿ ಎಂದರೆ ನನಗೆ ಮೊದಲು ಬರುವ ಅನುಮಾನ ಸ್ಟೆರಾಯ್ಡ್. ನುಂಗುವ ಸ್ಟೆರಾಯ್ಡ್‌ನಿಂದ ಸೋರಿಯಾಸಿಸ್ ಬೇಗ ಇಳಿಯುತ್ತದೆ. ನಿಲ್ಲಿಸಿದಾಗ ಮೊದಲಿಗಿಂತ ಜೋರಾಗಿ ಏಳಬಹುದು. ಕೆಲವರಿಗೆ ಮೈತುಂಬ ಕೀವಿನ ಗುಳ್ಳೆ ಬರುತ್ತದೆ, ಇಲ್ಲವೇ ತಲೆಯಿಂದ ಕಾಲಿನವರೆಗೆ ಚರ್ಮ ಕೆಂಪಾಗಿ ಸುಲಿಯುತ್ತದೆ. ಆಗ ಮೈಯ ಶಾಖ, ನೀರು ಎರಡೂ ಹತೋಟಿ ತಪ್ಪುತ್ತವೆ. ಅದು ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಪ್ಯಾಕೆಟ್ ಮೇಲೆ ಒಳಗಿರುವುದೇನು ಎಂದು ಬರೆದಿಲ್ಲವೆಂದರೆ ಬಾಯಿಗೆ ಹಾಕಬೇಡಿ.

ಕರುಳಿನ ನಂಟು ಇರುವುದು ನಿಜ, ಆದರೆ ಬೇರೆ ರೀತಿಯಲ್ಲಿ. ಸೋರಿಯಾಸಿಸ್ ಇರುವವರಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತ ಬೇರೆಯವರಿಗಿಂತ ಹೆಚ್ಚು ಕಾಣುತ್ತದೆ. ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಚರ್ಮದ ಡಾಕ್ಟರಿಗೂ ಹೇಳಿ. ನಾಚಿಕೆ ಬೇಡ. ಐಎಲ್-17 ತಡೆಯುವ ಇಂಜೆಕ್ಷನ್‌ಗಳಿಂದ ಕರುಳಿನ ಉರಿಯೂತ ಕೆರಳಬಹುದು. ನಿಮ್ಮ ಹೊಟ್ಟೆಯ ಕಥೆ ಗೊತ್ತಿದ್ದರೆ ನಾವು ಬೇರೆ ಔಷಧ ಆರಿಸುತ್ತೇವೆ.

ನೀಲಿಕೊಡೆ:
ಕಣ್ಣನ್ನೂ ಸೇರಿಸಿ ಮೇಡಂ. ನನಗೆ ಒಮ್ಮೆ ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದಷ್ಟು ನೋವು ಬಂತು. ಕಣ್ಣುಬೇನೆ ಎಂದು ಅಂಗಡಿಯ ಹನಿ ಹಾಕಿಕೊಳ್ಳಲು ಹೊರಟಿದ್ದೆ. ಕೀಲು ತಜ್ಞರು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಓಡಿಸಿದರು.

ಚರ್ಮವೈದ್ಯೆ:
ಹೌದು, ಅದು ಯುವಿಯೈಟಿಸ್, ಕಣ್ಣಿನ ಮಧ್ಯಪದರದ ಉರಿಯೂತ. ಕೆಂಪು, ನೋವು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ನೋಟ ಮಂಜಾಗುವುದು, ಇವು ಬಂದರೆ ಅದೇ ದಿನ ತೋರಿಸಬೇಕು. ಬಿಟ್ಟರೆ ದೃಷ್ಟಿಗೇ ಅಪಾಯ.

ಒಂಟಿಮರ:
ಎಲ್ಲರೂ ಹೃದಯ, ಲಿವರ್ ಅಂತಿದ್ದೀರಿ. ಮನಸ್ಸಿನ ಬಗ್ಗೆ ಯಾರೂ ಮಾತಾಡಲಿಲ್ಲ.

ನನಗೆ ಅಂಗೈಯಲ್ಲಿದೆ, ನೆತ್ತಿಯಲ್ಲೂ ಇದೆ. ಕೈಕುಲುಕಲು ಬಂದವರು ನೋಡಿ ಅರ್ಧಕ್ಕೇ ಕೈ ಎಳೆದುಕೊಳ್ಳುತ್ತಾರೆ. ಕಪ್ಪು ಅಂಗಿ ಹಾಕುವುದು ಬಿಟ್ಟಿದ್ದೇನೆ, ಭುಜದ ಮೇಲೆ ಹೊಟ್ಟು ಕಾಣುತ್ತದೆ. ಯಾರ ಮನೆಗಾದರೂ ಹೋದರೆ ಏಳುವ ಮೊದಲು ಕುರ್ಚಿ ಒರೆಸುತ್ತೇನೆ. ಇದು ಅಂಟುವುದಿಲ್ಲ ಎಂದು ಎಷ್ಟು ಜನರಿಗೆ ಹೇಳಲಿ? ರಾತ್ರಿ ತುರಿಕೆಗೆ ನಿದ್ದೆ ಇಲ್ಲ. ಹಗಲು ಯಾವುದೂ ಬೇಡ ಅನ್ನಿಸುತ್ತದೆ. "ಟೆನ್ಶನ್ ಮಾಡ್ಕೋಬೇಡ, ಅದಕ್ಕೇ ಜಾಸ್ತಿಯಾಗೋದು" ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಸಂಜೆಮಲ್ಲಿಗೆ:
ಮರ ಅವರೇ, ಕುರ್ಚಿ ಒರೆಸುವುದು ನಾನೂ ಮಾಡುತ್ತೇನೆ. ನಾನೊಬ್ಬಳೇ ಹೀಗೆ ಅಂದುಕೊಂಡಿದ್ದೆ.

ಚರ್ಮವೈದ್ಯೆ:
ಒಂಟಿಮರ ಅವರೇ, ಬರೆದದ್ದು ಒಳ್ಳೆಯದಾಯಿತು. ಖಿನ್ನತೆ ಈ ಕಾಯಿಲೆಯ ಜೊತೆ ಬರುವ ತೊಂದರೆಗಳಲ್ಲಿ ಮುಖ್ಯವಾದದ್ದು. ಜನರ ನೋಟ ಒಂದು ಕಡೆ, ನಿದ್ದೆಗೇಡು ಇನ್ನೊಂದು ಕಡೆ. ಉರಿಯೂತದ ಸಂದೇಶಗಳು ಮಿದುಳಿನ ಮೇಲೂ ಪರಿಣಾಮ ಮಾಡುತ್ತವೆ. ನಿಮ್ಮ ಮನಸ್ಸು ದುರ್ಬಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಪ್ರಾಯೋಗಿಕ ಮಾತು. ಕಾಯಿಲೆ ಎಷ್ಟು ತೀವ್ರ ಎನ್ನುವುದನ್ನು ಬರೀ ಜಾಗದ ಅಳತೆಯಿಂದ ನಿರ್ಧರಿಸುವುದಿಲ್ಲ. ನಿಮ್ಮದೇ ಅಂಗೈ, ಬೆರಳು ಸೇರಿ, ಮೈಯ ಸುಮಾರು 1 ಶೇಕಡಾ. ಆ ಲೆಕ್ಕದಲ್ಲಿ ನಿಮ್ಮದು ಸಣ್ಣದು. ಆದರೆ ಅಂಗೈ, ಅಂಗಾಲು, ಮುಖ, ನೆತ್ತಿ, ಗುಪ್ತಾಂಗದಲ್ಲಿ ಇದ್ದು ದಿನದ ಬದುಕು ಕೆಟ್ಟಿದ್ದರೆ ಮುಲಾಮಿನಾಚೆಯ ಚಿಕಿತ್ಸೆಗೆ ನೀವು ಅರ್ಹರು. ಡಿಎಲ್‌ಕ್ಯೂಐ ಎಂಬ 10 ಪ್ರಶ್ನೆಗಳ ಹಾಳೆ ಇರುವುದು ಇದನ್ನು ಅಳೆಯಲು. ಡಾಕ್ಟರು ಕೇಳದಿದ್ದರೆ ನೀವೇ ಕೇಳಿ. ಬದುಕುವುದೇ ಬೇಡ ಅನ್ನಿಸುವ ಮಟ್ಟಕ್ಕೆ ಹೋಗಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಇವತ್ತೇ ಹತ್ತಿರದವರಿಗೆ ಹೇಳಿ, ಡಾಕ್ಟರನ್ನು ಕಾಣಿ.

ಹಳೇಸೈಕಲ್:
ಮರ ಅವರೇ, "ಮುಲಾಮು ಹಚ್ಚಿದರೆ ಮುಗೀತು" ಅಂದಿದ್ದು ನನ್ನ ಎರಡು ಪಟ್ಟೆಯ ಲೆಕ್ಕದಲ್ಲಿ. ನಿಮ್ಮದನ್ನು ಹಗುರ ಮಾಡಲು ಅಲ್ಲ.

ಇನ್ನೊಂದು ಪ್ರಶ್ನೆ. ಉರಿಯೂತ ಕಡಿಮೆ ಮಾಡುವ ಇಂಜೆಕ್ಷನ್ ತೆಗೆದುಕೊಂಡರೆ ಹೃದಯವೂ ಉಳಿಯುತ್ತದೆ ಅಂತ ಆಯ್ತಲ್ವಾ?

ಲೆಕ್ಕಿಗ:
ಅಷ್ಟು ಸುಲಭ ಇಲ್ಲ. ನನಗೆ ಈ ವಿಷಯದಲ್ಲಿ ಅತಿ ಕುತೂಹಲ ಇರುವುದೇ ಇಲ್ಲಿ.

ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನೇ ಕಡಿಮೆ ಪ್ರಮಾಣದಲ್ಲಿ ಸುಮಾರು 4,800 ಹೃದ್ರೋಗಿಗಳಿಗೆ ಕೊಟ್ಟು ನೋಡಿದರು. ಅವರು ಸೋರಿಯಾಸಿಸ್ ರೋಗಿಗಳು ಎಂದಲ್ಲ. ಹೃದಯಾಘಾತ ಆಗಿದ್ದವರು ಅಥವಾ ಹಲವು ರಕ್ತನಾಳ ಕಟ್ಟಿದ್ದವರು, ಜೊತೆಗೆ ಮಧುಮೇಹ ಅಥವಾ ಮೆಟಬಾಲಿಕ್ ಸಿಂಡ್ರೋಮ್ ಇದ್ದವರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು: ಹೃದಯಾಘಾತ ಕಡಿಮೆ ಆಗಲಿಲ್ಲ. ಅದಕ್ಕೆ ಮೊದಲು 2017ರಲ್ಲಿ ಐಎಲ್-1 ಬೀಟಾ ಎಂಬ ಉರಿಯೂತದ ಸಂದೇಶವನ್ನು ತಡೆಯುವ ಬೇರೊಂದು ಔಷಧ, ಕ್ಯಾನಕಿನುಮ್ಯಾಬ್, ಹೃದ್ರೋಗಿಗಳಲ್ಲಿ ಅಪಾಯ ಇಳಿಸಿತ್ತು. ಅಂದರೆ ಉರಿಯೂತ ಎಂದರೆ ಒಂದೇ ನಲ್ಲಿ ಅಲ್ಲ, ಯಾವುದನ್ನು ತಿರುಗಿಸಿದರೂ ನೀರು ನಿಲ್ಲಲು.

ಸೋರಿಯಾಸಿಸ್ ಇದ್ದವರಲ್ಲೇ ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ಕೊಟ್ಟು ಮಹಾಧಮನಿಯ ಉರಿಯೂತವನ್ನು ಸ್ಕ್ಯಾನ್‌ನಲ್ಲಿ ಅಳೆದರು. ಚರ್ಮ ಚೆನ್ನಾಗಿ ಇಳಿಯಿತು. ಧಮನಿಯ ಉರಿಯೂತದಲ್ಲಿ ಮಾತ್ರ, ಔಷಧವಿಲ್ಲದ ಇಂಜೆಕ್ಷನ್ ಪಡೆದವರಿಗಿಂತ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ "ಈ ಇಂಜೆಕ್ಷನ್ ಹೃದಯ ಕಾಪಾಡುತ್ತದೆ" ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಚರ್ಮಕ್ಕೂ ಕೀಲಿಗೂ ಅದು ಬೇಕು, ಅದಕ್ಕಾಗಿ ತೆಗೆದುಕೊಳ್ಳಿ. ಹೃದಯಕ್ಕೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಸಿಗರೇಟ್ ಇವನ್ನೇ ಹಿಡಿಯಬೇಕು. ಹಳೇ ಮಾತು, ಆದರೆ ಸಾಬೀತಾದ ಮಾತು.

ತೂಕದ ವಿಷಯದಲ್ಲಿ ಮಾತ್ರ ಬಾಣದ ದಿಕ್ಕು ಸ್ವಲ್ಪ ಸ್ಪಷ್ಟ. 2019ರ ಒಂದು ವಂಶವಾಹಿ ಅಧ್ಯಯನದ ಪ್ರಕಾರ ಹೆಚ್ಚು ತೂಕ ಸೋರಿಯಾಸಿಸ್‌ಗೆ ಕಾರಣವಾಗುತ್ತದೆ. ಸೋರಿಯಾಸಿಸ್‌ನಿಂದ ತೂಕ ಹೆಚ್ಚುತ್ತದೆ ಎನ್ನುವುದಕ್ಕೆ ಅಲ್ಲಿ ಅಂಥ ಪುರಾವೆ ಸಿಗಲಿಲ್ಲ.

ಒಂಟಿಮರ:
ಅಂದರೆ ದಪ್ಪ ಇದ್ದಿದ್ದೇ ತಪ್ಪು ಎಂದು ಇನ್ನೊಂದು ಬೈಗುಳ ಸೇರಿತು.

ನೀಲಿಕೊಡೆ:
ಬೈಗುಳ ಅಂತ ತೆಗೆದುಕೊಳ್ಳಬೇಡಿ. ಹಿಮ್ಮಡಿ ನೋಯುವಾಗ "ನಡಿ, ಓಡು" ಅನ್ನುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತಿತ್ತು. ಮೊದಲು ಕೀಲಿನ ಚಿಕಿತ್ಸೆ ಶುರುವಾಯಿತು, ನೋವು ಇಳಿಯಿತು, ಆಮೇಲೆ ನಡಿಗೆ ಸಾಧ್ಯವಾಯಿತು. ತೂಕ ಇಳಿದ ಮೇಲೆ ಅದೇ ಔಷಧ ಜಾಸ್ತಿ ಹಿಡಿಯಿತು. ಯಾವುದು ಮೊದಲು ಅನ್ನುವುದು ಮುಖ್ಯ.

ಸಂಜೆಮಲ್ಲಿಗೆ:
ಕೀಲು ತಜ್ಞರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಚರ್ಮದ ಡಾಕ್ಟರು ಸದ್ಯಕ್ಕೆ ಮೆಥೊಟ್ರೆಕ್ಸೇಟ್ ಬಗ್ಗೆ ಯೋಚಿಸೋಣ ಎಂದಿದ್ದಾರೆ. ಇಂಟರ್ನೆಟ್ಟಿನಲ್ಲಿ ಓದಿ ಹೆದರಿಕೆಯಾಗಿದೆ. ಬಿಪಿಗೆ ಒಂದು ಮಾತ್ರೆಯೂ ತೆಗೆದುಕೊಳ್ಳುತ್ತೇನೆ.

ಚರ್ಮವೈದ್ಯೆ:
ಬಿಪಿ ಮಾತ್ರೆಯ ಚೀಟಿ ತಪ್ಪದೆ ತೆಗೆದುಕೊಂಡು ಹೋಗಿ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ. ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾ ಗುಂಪಿನ ಕೆಲವು ಮಾತ್ರೆಗಳೂ ಹಾಗೇ. ನೀವಾಗಿ ನಿಲ್ಲಿಸಬೇಡಿ, ಬದಲಿಸಬೇಕೋ ಎಂದು ಕೇಳಿ.

ಮೆಥೊಟ್ರೆಕ್ಸೇಟ್ ಹಳೆಯ ಔಷಧ, ಚೆನ್ನಾಗಿ ಗೊತ್ತಿರುವ ಔಷಧ. ಸೋರಿಯಾಸಿಸ್‌ಗೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣ ಹೋದ ಪ್ರಕರಣಗಳಿವೆ. ವಾರದ ಯಾವ ದಿನ ಎಂದು ಗಟ್ಟಿ ಮಾಡಿಕೊಂಡು ಮಾತ್ರೆ ಪಟ್ಟಿಯ ಮೇಲೆ ಬರೆದಿಡಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿ. ಜೊತೆಗೆ ಫೋಲಿಕ್ ಆಸಿಡ್ ಕೊಡುತ್ತಾರೆ. ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಆಗಾಗ ಮಾಡಿಸಬೇಕು. ಲಿವರ್ ಟೆಸ್ಟ್ ಈಗಲೇ ಬರೆದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು, ಮಗುವಿಗೆ ಹಾನಿ ಮಾಡುತ್ತದೆ. ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಸಿರಾಟದ ತೊಂದರೆ ಬಂದರೆ ಮುಂದಿನ ಡೋಸ್ ನುಂಗುವ ಮೊದಲು ಫೋನ್ ಮಾಡಿ.

ಮುಂದೆ ಬಯೋಲಾಜಿಕ್ ಇಂಜೆಕ್ಷನ್ (ಐಎಲ್-17, ಟಿಎನ್‌ಎಫ್‌ನಂಥ ಸಂದೇಶ ತಡೆಯುವಂಥದ್ದು) ಬೇಕಾದರೆ ಮೊದಲು ಕ್ಷಯದ ಪರೀಕ್ಷೆ ಮಾಡುತ್ತಾರೆ. ಮೈಯಲ್ಲಿ ಮಲಗಿರುವ ಕ್ಷಯ, ಮುಖ್ಯವಾಗಿ ಟಿಎನ್‌ಎಫ್ ತಡೆದಾಗ, ಏಳಬಹುದು.

ಹಳೇಸೈಕಲ್:
ಮೇಡಂ, ಕೊನೆಯದಾಗಿ. ನನ್ನ ಮಗನಿಗೆ ಗಂಟಲು ನೋವು ಬಂದು ಹೋದ ಮೇಲೆ ಎದೆ, ಬೆನ್ನ ಮೇಲೆಲ್ಲ ಸಣ್ಣ ಸಣ್ಣ ಹೊಟ್ಟಿನ ಚುಕ್ಕೆ ಎದ್ದಿದೆ. ನನ್ನದೇ ಅವನಿಗೂ ಬಂತಾ? ಅವನ ಹೃದಯವನ್ನೂ ಈಗಲೇ ತೋರಿಸಬೇಕಾ?

ಚರ್ಮವೈದ್ಯೆ:
ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಹೀಗೆ ಹನಿ ಚೆಲ್ಲಿದಂತೆ ಏಳುವ ಒಂದು ಬಗೆ ಇದೆ, ಗಟೇಟ್ ಸೋರಿಯಾಸಿಸ್. ನೋಡದೆ ಅದೇ ಎಂದು ಹೇಳಲಾಗುವುದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ. ನಿಮ್ಮಿಂದ ಅಂಟಿದ್ದಲ್ಲ. ಮನೆತನದಲ್ಲಿ ಒಲವು ಬರಬಹುದು, ಅದಕ್ಕೆ ಸೋಂಕು ಕಿಡಿ ಹಚ್ಚಿರಬಹುದು. ಬಹಳ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಮುಂದೆ ಪಟ್ಟೆಗಳಾಗಿ ಉಳಿಯುತ್ತದೆ. ಹೃದಯದ ಸ್ಕ್ಯಾನ್ ಬೇಡ. ತೂಕ, ಬಿಪಿ ನೋಡಿಸಿ, ಕೀಲು ನೋವು ಇದೆಯಾ ಕೇಳಿ, ಸಾಕು. ನೀವೂ ಜೊತೆಗೆ ಹೋಗುತ್ತಿದ್ದೀರಲ್ಲ, ನಿಮ್ಮ ಬಿಪಿಯನ್ನೂ ನೋಡಿಸಿಕೊಂಡು ಬನ್ನಿ.

ಹಳೇಸೈಕಲ್:
ಆಯ್ತು ಮೇಡಂ. ಸೊಂಟದ ಅಳತೆ ಮಾತ್ರ ಕೊಡುವುದಿಲ್ಲ.